ಪಾಸ್‌ಗಳ ಮೇಲೆ ಒಂಟಿ ನಡಿಗೆ: ಜಾನ್ ಮ್ಯೂರ್ ಟ್ರೇಲ್ ಬಗ್ಗೆ ಓದುಗರ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನಲ್ಲಿ, ಯೊಸೆಮಿಟಿ ಕಣಿವೆಯಿಂದ ಹೊರಟು ಮೌಂಟ್ ವಿಟ್ನಿಯ ನೆತ್ತಿಯಲ್ಲಿ ಮುಗಿಯುವ ಜಾನ್ ಮ್ಯೂರ್ ಟ್ರೇಲ್ ಸುಮಾರು 340 ಕಿಲೋಮೀಟರ್ ಉದ್ದದ ಕಾಲುದಾರಿ. ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಬೆಟ್ಟಸಾಲನ್ನು ದಾಟುವ ಜಾಗವನ್ನು ಪಾಸ್ ಎನ್ನುತ್ತಾರೆ; ಈ ದಾರಿ ಅಂಥ ಹಲವು ಪಾಸ್‌ಗಳನ್ನು ಹತ್ತಿಳಿಯುತ್ತದೆ. ನಿಸರ್ಗದ ಪರವಾಗಿ ಜೀವನವಿಡೀ ಬರೆದ ಜಾನ್ ಮ್ಯೂರ್ 1914ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ರಾಜ್ಯದ ಶಾಸನಸಭೆ 10,000 ಡಾಲರ್ ಮಂಜೂರು ಮಾಡಿದ ಮೇಲೆ ಆರಂಭವಾದ ಈ ದಾರಿಯ ಕೆಲಸ 1938ರ ಹೊತ್ತಿಗೆ ಪೂರ್ಣಗೊಂಡಿತು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಯೊಸೆಮಿಟಿ ಕಾರಿನಲ್ಲಿ ನಾಲ್ಕೈದು ಗಂಟೆಗಳ ಹಾದಿಯಾದ್ದರಿಂದ, ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದಿವೆ. ಉಳಿದವನ್ನು ಊರಿನಲ್ಲಿರುವ ಹೆತ್ತವರು ಬರೆದಿದ್ದಾರೆ. ಜೊತೆಗಾರರಿಲ್ಲದೆ ಹೋಗಬಹುದೇ, ಹೋಗುವುದಾದರೆ ಹೇಗೆ ಎಂಬುದೇ ಬಹುತೇಕ ಎಲ್ಲರ ಪ್ರಶ್ನೆ.

ಪ್ರಶ್ನೆ: ಕುಮಾರ ಪರ್ವತ, ಕುದುರೆಮುಖ, ತಡಿಯಾಂಡಮೋಳ್ ಹತ್ತಿದ ಅನುಭವವಿದೆ. ಇಲ್ಲಿಯ ಗೆಳೆಯರಿಗೆ ಒಟ್ಟಿಗೆ ಮೂರು ವಾರ ರಜೆ ಸಿಗುವುದಿಲ್ಲ. ಒಬ್ಬನೇ ಹೊರಡಬಹುದೇ? ಯಾವ ತುದಿಯಿಂದ ಆರಂಭಿಸುವುದು ಒಳ್ಳೆಯದು?
— ಒಬ್ಬ ಓದುಗರು, ಸನಿವೇಲ್

ಹೊರಡಬಹುದು. ಈ ದಾರಿಯಲ್ಲಿ ಮಾರ್ಗದರ್ಶಿ ಕಡ್ಡಾಯವಲ್ಲ. ನಿಮ್ಮ ಹೆಸರಿನಲ್ಲಿ ಪರ್ಮಿಟ್ ಇದ್ದರೆ ಒಬ್ಬರೇ ನಡೆಯಲು ಯಾವ ಅಡ್ಡಿಯೂ ಇಲ್ಲ. ಕುಮಾರ ಪರ್ವತ ಹತ್ತಿಳಿದ ಕಾಲುಗಳು ಇಲ್ಲಿ ಖಂಡಿತ ಕೆಲಸಕ್ಕೆ ಬರುತ್ತವೆ. ಆದರೆ ಎತ್ತರದ ಮಾತು ಬೇರೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್; ಈ ಟ್ರೇಲ್‌ನಲ್ಲಿ ನೀವು ಬಹುತೇಕ ರಾತ್ರಿಗಳನ್ನು ಅದಕ್ಕಿಂತ ಸುಮಾರು 1,000 ಮೀಟರ್ ಮೇಲೆ ಕಳೆಯಬೇಕಾಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಚಾರಣ ಕಾಲಿನ ಕಸುವನ್ನು ಹೇಳುತ್ತದೆಯೇ ಹೊರತು, ತೆಳುವಾದ ಗಾಳಿಗೆ ನಿಮ್ಮ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಹೇಳುವುದಿಲ್ಲ.

ಈ ಕಾರಣಕ್ಕಾಗಿಯೇ ಉತ್ತರದಿಂದ ದಕ್ಷಿಣಕ್ಕೆ ನಡೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಯೊಸೆಮಿಟಿಯ ಹ್ಯಾಪಿ ಐಲ್ಸ್ ಸುಮಾರು 1,230 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಾರಿ ನಿಧಾನವಾಗಿ ಮೇಲೇರಿ, ಕೆಲವು ದಿನಗಳ ನಂತರವಷ್ಟೇ 3,370 ಮೀಟರ್ ಎತ್ತರದ ಡೊನಹ್ಯೂ ಪಾಸ್‌ಗೆ ತಲುಪುತ್ತದೆ. ಆಮೇಲೆ ಸೆಲ್ಡನ್, 3,644 ಮೀಟರಿನ ಮ್ಯೂರ್, ಹೆಚ್ಚುಕಡಿಮೆ 3,700 ಮೀಟರಿನ ಮೇದರ್ ಮತ್ತು ಪಿಂಚೋ, 3,650ರ ಗ್ಲೆನ್, ಕೊನೆಗೆ 4,009 ಮೀಟರಿನ ಫಾರೆಸ್ಟರ್ ಪಾಸ್. ಇವನ್ನೆಲ್ಲ ದಾಟಿದ ಮೇಲೆ 4,421 ಮೀಟರಿನ ವಿಟ್ನಿ. ದೇಹ ಎತ್ತರಕ್ಕೆ ಒಗ್ಗುತ್ತಾ ಬಂದಂತೆ ಪಾಸ್‌ಗಳೂ ಎತ್ತರವಾಗುತ್ತಾ ಹೋಗುವ ಈ ಕ್ರಮ ಒಂಟಿ ಚಾರಣಿಗನಿಗೆ ಬಹಳ ದೊಡ್ಡ ಅನುಕೂಲ. ಅದೇ ದಕ್ಷಿಣ ತುದಿಯ ವಿಟ್ನಿ ಪೋರ್ಟಲ್‌ನಿಂದ ಹೊರಟರೆ, ಚೀಲದ ತುಂಬ ಆಹಾರ ಹೊತ್ತು ಮೊದಲೆರಡು ದಿನಗಳಲ್ಲೇ 2,550 ಮೀಟರಿನಿಂದ 4,100 ಮೀಟರಿಗೂ ಮೇಲೆ ಹೋಗಬೇಕಾಗುತ್ತದೆ.

ಒಬ್ಬರೇ ಹೋಗುವುದರ ನಿಜವಾದ ಕಷ್ಟ ಬೇಸರವೂ ಅಲ್ಲ, ಭಯವೂ ಅಲ್ಲ. ಇಬ್ಬರಿದ್ದರೆ ಒಬ್ಬರ ಮುಖ ಕಪ್ಪಿಟ್ಟಾಗ ಇನ್ನೊಬ್ಬರು ಗಮನಿಸುತ್ತಾರೆ, ಮೋಡ ಕವಿದಾಗ ಇಬ್ಬರಲ್ಲಿ ಒಬ್ಬರಾದರೂ 'ಇವತ್ತು ಬೇಡ, ಇಲ್ಲೇ ಟೆಂಟ್ ಹಾಕೋಣ' ಎನ್ನುತ್ತಾರೆ. ಒಬ್ಬರೇ ಇದ್ದಾಗ ತಡೆಯುವವರು ಯಾರೂ ಇರುವುದಿಲ್ಲ, ಮತ್ತು ದಣಿದ ಮನಸ್ಸು ಅಂದುಕೊಂಡ ಜಾಗವನ್ನು ಮುಟ್ಟಿಯೇ ತೀರಬೇಕೆಂದು ಹಟ ಹಿಡಿಯುತ್ತದೆ. ಆದ್ದರಿಂದ ತಡೆಯುವ ಆ ಕೆಲಸವನ್ನು ಮನೆಯಲ್ಲಿ ಕುಳಿತು, ಮನಸ್ಸು ತಿಳಿಯಾಗಿದ್ದಾಗಲೇ ಮಾಡಿ ಮುಗಿಸಬೇಕು. ಎಷ್ಟು ಗಂಟೆಯ ನಂತರ ಪಾಸ್ ಹತ್ತುವುದಿಲ್ಲ, ನೀರು ಎಷ್ಟು ಮೇಲೆ ಬಂದರೆ ಹೊಳೆ ದಾಟುವುದಿಲ್ಲ, ಯಾವ ಲಕ್ಷಣ ಕಂಡರೆ ಕೆಳಗಿಳಿಯಲೇಬೇಕು ಎಂಬುದನ್ನು ನಕ್ಷೆಯ ಹಿಂಬದಿಯಲ್ಲಿ ಸ್ವಂತ ಕೈಬರಹದಲ್ಲಿ ಬರೆದುಕೊಳ್ಳಿ. ಬೆಟ್ಟದ ಮೇಲೆ ಅದನ್ನು ಓದಿ ಪಾಲಿಸುವುದಷ್ಟೇ ನಿಮ್ಮ ಕೆಲಸ. ಅಲ್ಲಿ ಹೊಸದಾಗಿ ಚರ್ಚೆಗೆ ಕೂರಬೇಡಿ. ಇದಕ್ಕೆ ಮುಂಚೆ, ಟಾಹೋ ಸರೋವರದ ಬಳಿಯ ಡೆಸೊಲೇಶನ್ ವಿಲ್ಡರ್ನೆಸ್‌ನಂಥ ಕಡೆ ಒಂದೆರಡು ರಾತ್ರಿ ಒಬ್ಬರೇ ಟೆಂಟಿನಲ್ಲಿ ಮಲಗಿ ಬನ್ನಿ. ಅಲ್ಲಿ ನಿದ್ದೆ ಬಾರದಿದ್ದರೆ ನಾಚಿಕೆಪಡಬೇಕಾಗಿಲ್ಲ, ಇನ್ನೊಂದು ಸಲ ಹೋಗಿ.

ಪ್ರಶ್ನೆ: ಪಾಸ್‌ಗಳನ್ನು ಬೆಳಗ್ಗೆಯೇ ದಾಟಬೇಕೆಂದು ಎಲ್ಲರೂ ಹೇಳುತ್ತಾರೆ. ಅಷ್ಟೊಂದು ಬೇಗ ಏಳುವ ಅಗತ್ಯ ನಿಜಕ್ಕೂ ಇದೆಯೇ? ಪಾಸ್ ದಾಟುವ ಒಂದು ದಿನ ಹೇಗಿರುತ್ತದೆಂದು ವಿವರಿಸುವಿರಾ?
— ಓದುಗರೊಬ್ಬರು, ಫ್ರೀಮಾಂಟ್

ಅಗತ್ಯ ಖಂಡಿತ ಇದೆ. ಏಕೆಂಬುದು ತಿಳಿದರೆ ಎಷ್ಟು ಬೇಗ ಏಳಬೇಕೆಂಬುದನ್ನು ನೀವೇ ಲೆಕ್ಕ ಹಾಕಬಲ್ಲಿರಿ. ಸಿಯೆರಾದ ಬೇಸಿಗೆಯಲ್ಲಿ ಗಡಿಯಾರವನ್ನು ನಡೆಸುವುದು ಮೂರು ಸಂಗತಿಗಳು: ಸಿಡಿಲು, ಹಿಮ, ಹೊಳೆಯ ನೀರು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಳಗ್ಗೆ ಒಂದು ತುಣುಕು ಮೋಡವೂ ಇಲ್ಲದ ಆಕಾಶದಲ್ಲಿ ಹೊತ್ತು ಏರಿದಂತೆ ಹತ್ತಿಯುಂಡೆಗಳಂಥ ಬಿಳಿ ಮೋಡಗಳು ಹುಟ್ಟಿ, ಮಧ್ಯಾಹ್ನದ ಹೊತ್ತಿಗೆ ಅವು ಗೋಪುರದಂತೆ ಬೆಳೆದು ಬುಡ ಕಪ್ಪಾಗುವುದು ಸಾಮಾನ್ಯ. ಪಾಸ್‌ನ ಮೇಲ್ಭಾಗದಲ್ಲಿ ಮರಗಳಿಲ್ಲ, ಬರೀ ಗ್ರಾನೈಟ್ ಬಂಡೆ. ಮರಗಳ ಗಡಿಯಿಂದ ಮೇಲಕ್ಕೆ ಹೋದ ಮೇಲೆ ಸಿಡಿಲಿಗೆ ಅಡಗಲು ಜಾಗವೇ ಇರುವುದಿಲ್ಲ, ಹತ್ತಿದ್ದಷ್ಟನ್ನೇ ಮತ್ತೆ ಇಳಿಯಲು ಗಂಟೆಗಳು ಬೇಕು. ಆದ್ದರಿಂದ ಮಧ್ಯಾಹ್ನಕ್ಕೆ ಮೊದಲೇ ಪಾಸ್ ದಾಟಿ, ಆಚೆ ಬದಿಯ ಇಳಿಜಾರಿನಲ್ಲಿ ಸಾಕಷ್ಟು ಕೆಳಗೆ ಬಂದಿರಬೇಕು.

ಹಿಮದ ಲೆಕ್ಕ ಸ್ವಲ್ಪ ಸೂಕ್ಷ್ಮವಾದುದು. ದಾರಿ ದಕ್ಷಿಣಕ್ಕೆ ಸಾಗುವುದರಿಂದ ನೀವು ಹತ್ತುವುದು ಪಾಸ್‌ಗಳ ಉತ್ತರದ ಮೈಯನ್ನು, ಹಿಮ ಹೆಚ್ಚು ಕಾಲ ನಿಲ್ಲುವುದೂ ಅಲ್ಲಿಯೇ. ಮುಂಜಾನೆ ಅದು ಗಟ್ಟಿಯಾಗಿ ಗಾಜಿನಷ್ಟು ಜಾರುತ್ತದೆ, ಮಧ್ಯಾಹ್ನ ಮೆತ್ತಗಾಗಿ ತೊಡೆಯವರೆಗೆ ಕಾಲು ಹೂತುಹೋಗುತ್ತದೆ. ಹೂತ ಕಾಲು ಒಳಗಿನ ಕಲ್ಲಿನ ಸಂದಿಗೆ ಸಿಕ್ಕಿ ತಿರುಚಿಕೊಂಡರೆ ಒಬ್ಬರೇ ಇರುವವರ ಪಾಡು ಹೇಳತೀರದು. ಸೂರ್ಯ ತಾಗಿ ಹಿಮದ ಮೇಲ್ಪದರ ತುಸು ಮೆದುವಾದ, ಆದರೆ ಒಳಗೆ ಇನ್ನೂ ಗಟ್ಟಿಯಾಗಿರುವ ಹೊತ್ತೇ ನಡೆಯಲು ಸರಿಯಾದದ್ದು. ಅದು ಸಾಮಾನ್ಯವಾಗಿ ಬೆಳಗಿನ ಎರಡನೆಯ ಭಾಗದಲ್ಲಿ ಬರುತ್ತದೆ. ಅದಕ್ಕಿಂತ ಬೇಗ ಹೋಗಬೇಕಾದರೆ ಬೂಟಿಗೆ ಮೈಕ್ರೋಸ್ಪೈಕ್ (ಜಾರದಂತೆ ಹಿಡಿಯುವ ಲೋಹದ ಮುಳ್ಳುಗಳ ಪಟ್ಟಿ) ಬೇಕು. ಕಡಿದಾದ ಹಿಮಕ್ಕೆ ಐಸ್ ಆಕ್ಸ್, ಅಂದರೆ ಹಿಮಗೊಡಲಿ, ಕೂಡ ಬೇಕು. ಐಸ್ ಆಕ್ಸನ್ನು ಚೀಲಕ್ಕೆ ಕಟ್ಟಿಕೊಂಡು ತಿರುಗಿದ ಮಾತ್ರಕ್ಕೆ ಪ್ರಯೋಜನವಿಲ್ಲ, ಜಾರಿದಾಗ ಅದನ್ನು ಊರಿ ನಿಲ್ಲುವುದನ್ನು ಬಲ್ಲವರಿಂದ ಮೊದಲೇ ಕಲಿತಿರಬೇಕು. ಕಲಿಯದವರು ಹಿಮ ಕರಗುವ ತನಕ ಕಾಯುವುದೇ ಸರಿ. 2017 ಮತ್ತು 2023ರಂಥ ಭಾರೀ ಹಿಮದ ವರ್ಷಗಳಲ್ಲಿ ಆಗಸ್ಟ್‌ವರೆಗೂ ಪಾಸ್‌ಗಳಲ್ಲಿ ಹಿಮ ಉಳಿದಿರುತ್ತದೆ. ಕಡಿಮೆ ಹಿಮದ ವರ್ಷಗಳಲ್ಲಿ ಜೂನ್ ಕೊನೆಗೇ ದಾರಿ ತೆರೆದುಕೊಳ್ಳಬಹುದು. ಏಪ್ರಿಲ್ 1ರ ಹೊತ್ತಿಗೆ ರಾಜ್ಯದ ಜಲಸಂಪನ್ಮೂಲ ಇಲಾಖೆ ಪ್ರಕಟಿಸುವ ಹಿಮದ ಅಳತೆಯನ್ನು ನೋಡಿದರೆ ಆ ವರ್ಷ ಎಂಥದ್ದೆಂಬುದು ಬಹಳಮಟ್ಟಿಗೆ ತಿಳಿಯುತ್ತದೆ.

ಮೂರನೆಯದು ಹೊಳೆ. ನನ್ನ ದೃಷ್ಟಿಯಲ್ಲಿ ಒಂಟಿ ಚಾರಣಿಗರಿಗೆ ಪಾಸ್‌ಗಿಂತ ಹೊಳೆಯೇ ಹೆಚ್ಚು ಅಪಾಯಕಾರಿ, ಮತ್ತು ಜನ ಅದನ್ನು ತೀರ ಹಗುರವಾಗಿ ಕಾಣುತ್ತಾರೆ. ಹಗಲಿನ ಬಿಸಿಲಿಗೆ ಕರಗಿದ ಹಿಮವೆಲ್ಲ ಸಂಜೆಯ ಹೊತ್ತಿಗೆ ಕೆಳಗೆ ಬಂದು ಸೇರುವುದರಿಂದ, ಮುಂಜಾನೆ ಮೊಣಕಾಲುಮಟ್ಟ ಇದ್ದ ಹೊಳೆ ಸಂಜೆಗೆ ಸೊಂಟ ಮುಟ್ಟಬಹುದು. 2017ರ ಬೇಸಿಗೆಯಲ್ಲಿ ಸಿಯೆರಾದಲ್ಲಿ ಒಬ್ಬೊಬ್ಬರೇ ನಡೆಯುತ್ತಿದ್ದ ಇಬ್ಬರು ಮಹಿಳೆಯರು ಬೇರೆಬೇರೆ ದಿನ ಇಂಥ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಸಂಜೆ ಹೊಳೆಯ ದಡ ತಲುಪಿ ನೀರು ಜೋರಾಗಿ ಕಂಡರೆ ಆ ದಡದಲ್ಲೇ ಟೆಂಟ್ ಹಾಕಿ, ಬೆಳಕು ಹರಿದ ಮೇಲೆ ದಾಟಿ. ದಾಟುವಾಗ ಬೂಟು ಬಿಚ್ಚಬೇಡಿ, ಚೀಲದ ಸೊಂಟಪಟ್ಟಿ ಮತ್ತು ಎದೆಪಟ್ಟಿಯನ್ನು ಬಿಚ್ಚಿಕೊಳ್ಳಿ. ಬಿದ್ದರೆ ಚೀಲ ನಿಮ್ಮನ್ನು ನೀರಿನಡಿಗೆ ಒತ್ತಿ ಹಿಡಿಯಬಾರದು. ನೀರು ಬರುವ ದಿಕ್ಕಿಗೆ ಮುಖಮಾಡಿ, ಎರಡೂ ಕೋಲುಗಳನ್ನು ಊರಿಕೊಂಡು, ಒಂದು ಹೆಜ್ಜೆ ಭದ್ರವಾದ ಮೇಲೆ ಇನ್ನೊಂದನ್ನು ಎತ್ತಿ. ದಾಟುವ ಜಾಗದ ಕೆಳಗೆ ಜಲಪಾತವೋ ಬಿದ್ದ ಮರದ ದಿಮ್ಮಿಗಳ ರಾಶಿಯೋ ಇದ್ದರೆ ಅಲ್ಲಿ ದಾಟಲೇಬೇಡಿ.

ಫಾರೆಸ್ಟರ್ ಪಾಸ್‌ನ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ಸಂಜೆ ಬಬ್ಸ್ ಕ್ರೀಕ್ ಕಣಿವೆಯಲ್ಲಿ, ಕೊನೆಯ ಮರಗಳ ಸಮೀಪ ಬೀಡುಬಿಡಿ. ಬೆಳಗಿನ ಐದು ಗಂಟೆಗೆ ಎದ್ದರೆ ಟೆಂಟಿನ ಒಳಮೈ ಮೇಲೆ ನಿಮ್ಮ ಉಸಿರೇ ಮಂಜುಗಟ್ಟಿ ಕೂತಿರುತ್ತದೆ, ನೀರಿನ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗದಿದ್ದರೆ ಅದು ಒಳಗೇ ಹೆಪ್ಪುಗಟ್ಟಿ ಹಾಳಾಗಿರುತ್ತದೆ. ಮರಗಳು ಮುಗಿದ ಮೇಲೆ ಕಲ್ಲು ಮತ್ತು ಹಿಮದ ನಡುವೆ ಏರು. ಕೊನೆಯ ತಿರುವುಗಳಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಹಾಗೆ ನಿಲ್ಲುವುದರಲ್ಲಿ ಯಾವ ದೋಷವೂ ಇಲ್ಲ, ನಿಲ್ಲದೆ ಓಡುವುದರಲ್ಲಿ ಇದೆ. ಮೇಲೆ ನಿಂತರೆ ಜಾಗ ಅತ್ಯಂತ ಕಿರಿದು, ಎರಡು ಗೋಡೆಗಳ ನಡುವಿನ ಒಂದು ಸೀಳು ಅಷ್ಟೇ: ಇತ್ತ ಕಿಂಗ್ಸ್ ಕ್ಯಾನಿಯನ್, ಅತ್ತ ಸೆಕೋಯಾ ರಾಷ್ಟ್ರೀಯ ಉದ್ಯಾನ. ದಕ್ಷಿಣದ ಬದಿಯಲ್ಲಿ ಕಡಿದಾದ ಬಂಡೆಯ ಮುಖವನ್ನೇ ಸಿಡಿಮದ್ದಿಟ್ಟು ಕಡಿದು ಮಾಡಿದ ದಾರಿ ಅಂಕುಡೊಂಕಾಗಿ ಇಳಿಯುತ್ತದೆ. ಆ ದಾರಿ ಕಡಿಯುವಾಗ ಜೀವ ಕಳೆದುಕೊಂಡ ಯುವ ಕೆಲಸಗಾರನೊಬ್ಬನ ಹೆಸರಿನ ಫಲಕ ಅಲ್ಲಿದೆ. ಒಂದು ನಿಮಿಷ ನಿಂತು ಓದಿ. ತಕ್ಷಣ ಕೆಳಗೆ ಹಿಮ ತುಂಬಿದ ಒಂದು ಕಡಿದಾದ ಓಣಿಯನ್ನು ಅಡ್ಡ ದಾಟಬೇಕು. ಹೆಜ್ಜೆಗುರುತು ಗಟ್ಟಿಯಾಗಿದ್ದು ಹಿಮ ಮೆದುವಾಗಿದ್ದರೆ ಕೆಲವೇ ಹೆಜ್ಜೆಗಳ ಕೆಲಸ. ಇಲ್ಲದಿದ್ದರೆ, ಹಿಂದೆ ಬರುತ್ತಿರುವ ಇನ್ನಿಬ್ಬರು ಚಾರಣಿಗರಿಗಾಗಿ ಕಾದು ಅವರೊಂದಿಗೆ ದಾಟಿ. ಒಬ್ಬರೇ ಹೊರಟಿದ್ದೀರಿ ಎಂದ ಮಾತ್ರಕ್ಕೆ ಪ್ರತಿ ಹೆಜ್ಜೆಯನ್ನೂ ಒಬ್ಬರೇ ಇಡಬೇಕೆಂಬ ವ್ರತವೇನೂ ಇಲ್ಲ.

ಇನ್ನೊಂದು ಮಾತು. ಮ್ಯೂರ್ ಪಾಸ್‌ನ ಮೇಲೆ 1930ರಲ್ಲಿ ಪರಿಸರ ಸಂಸ್ಥೆಯಾದ ಸಿಯೆರಾ ಕ್ಲಬ್ ಕಟ್ಟಿಸಿದ, ಶಂಕುವಿನಾಕಾರದ ಚಾವಣಿಯ ಕಲ್ಲುಗುಡಿಸಲು ಇದೆ. ಅದು ಬಿರುಗಾಳಿಗೆ ಸಿಕ್ಕವರಿಗಾಗಿ ಕಟ್ಟಿದ ಆಸರೆ. ರಾತ್ರಿ ಅಲ್ಲಿ ಮಲಗಬಹುದೆಂದು ನಂಬಿ ನಿಮ್ಮ ದಿನದ ಯೋಜನೆ ಹಾಕಬೇಡಿ. ಎರಡೂ ಬದಿಯಲ್ಲಿ ಕಿಲೋಮೀಟರುಗಟ್ಟಲೆ ಹಿಮ ನಿಲ್ಲುವ ಪಾಸ್ ಅದು, ದಾಟಲು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಪ್ರಶ್ನೆ: ಮಗಳು ಸ್ಯಾನ್ ಹೊಸೆಯಲ್ಲಿ ಕೆಲಸದಲ್ಲಿದ್ದಾಳೆ. ಒಬ್ಬಳೇ ಈ ಚಾರಣಕ್ಕೆ ಹೊರಡುತ್ತೇನೆ ಎನ್ನುತ್ತಿದ್ದಾಳೆ. ಅಲ್ಲಿ ಫೋನ್ ಕೂಡ ಸಿಗುವುದಿಲ್ಲವಂತೆ. ಕಾಡಿನಲ್ಲಿ ಕರಡಿ, ಅಪರಿಚಿತ ಜನ. ಬೇಡವೆಂದು ಹೇಳಲೇ?
— ಒಬ್ಬ ತಾಯಿ, ಮೈಸೂರು

ಅಮ್ಮಾ, ನಿಮ್ಮ ಆತಂಕ ಸಹಜವಾದದ್ದು, ಅದನ್ನು ನಾನು ಹಗುರಗೊಳಿಸುವುದಿಲ್ಲ. ಆದರೆ ನೀವು ಹೆದರುತ್ತಿರುವ ಸಂಗತಿಗಳು ಒಂದು, ನಿಜವಾದ ಅಪಾಯಗಳು ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿ ಕರಡಿಗಳು ಅಳಿದು ಸುಮಾರು ನೂರು ವರ್ಷಗಳಾದವು. ಈಗ ಅಲ್ಲಿರುವ ಕಪ್ಪು ಕರಡಿಗೆ ಮನುಷ್ಯರಿಗಿಂತ ಅವರ ಊಟದ ಮೇಲೆ ಕಣ್ಣು. ಅದಕ್ಕಾಗಿಯೇ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಎಲ್ಲ ಆಹಾರವನ್ನೂ, ಸೋಪು, ಟೂತ್‌ಪೇಸ್ಟಿನಂಥ ವಾಸನೆಯ ವಸ್ತುಗಳನ್ನೂ ತುಂಬಿ, ರಾತ್ರಿ ಟೆಂಟಿನಿಂದ ದೂರ ಇಡುವ ನಿಯಮವಿದೆ. ಇನ್ನು ಜನರ ವಿಷಯ. ಜುಲೈ, ಆಗಸ್ಟಿನಲ್ಲಿ ಈ ದಾರಿ ನಿರ್ಜನವಲ್ಲ. ದಿನವೂ ಹತ್ತಾರು ಚಾರಣಿಗರು ಎದುರಾಗುತ್ತಾರೆ, ಅವರಲ್ಲಿ ಒಬ್ಬರೇ ನಡೆಯುವ ಮಹಿಳೆಯರೂ ಅನೇಕರು. ಯಾರ ಜೊತೆಗಾದರೂ ಮನಸ್ಸು ಒಪ್ಪದಿದ್ದರೆ ಅಂದು ರಾತ್ರಿ ಎಲ್ಲಿ ತಂಗುತ್ತೇನೆಂದು ಅವರಿಗೆ ಹೇಳದೆ ಮುಂದೆ ನಡೆಯುವಷ್ಟು ವಿವೇಕ ನಿಮ್ಮ ಮಗಳಿಗೆ ಇದ್ದೇ ಇರುತ್ತದೆ.

ಫೋನಿನ ಮಾತು ನಿಜ, ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇಲ್ಲ. ಆದ್ದರಿಂದ 'ಬೇಡ' ಎನ್ನುವ ಬದಲು 'ಸ್ಯಾಟಲೈಟ್ ಮೆಸೆಂಜರ್ ಇಲ್ಲದೆ ಹೋಗಬೇಡ' ಎಂದು ಹೇಳಿ. ಈ ವಿಷಯದಲ್ಲಿ ನೀವು ಹಟ ಹಿಡಿದರೂ ತಪ್ಪಿಲ್ಲ. ಅಂಗೈಯಗಲದ ಆ ಸಾಧನದಿಂದ ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸಬಹುದು, ಅಪಾಯದಲ್ಲಿ ಎಸ್‌ಒಎಸ್ ಗುಂಡಿ ಒತ್ತಬಹುದು. ಹಾಗೆ ಒತ್ತಿದ ಕರೆ ಸಾಧನದ ಸೇವಾಕೇಂದ್ರದ ಮೂಲಕ ರಾಷ್ಟ್ರೀಯ ಉದ್ಯಾನದ ರೇಂಜರುಗಳಿಗೋ ಆ ಕೌಂಟಿಯ ಶೆರಿಫ್ ಕಚೇರಿಗೋ ತಲುಪುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಸಂಜೆ ಏಳಕ್ಕೆ ಅವಳು 'ತಲುಪಿದೆ' ಎಂದು ಕಳಿಸಿದರೆ ಮರುದಿನ ಬೆಳಗ್ಗೆ ಏಳೂವರೆಗೆ ನಿಮಗೆ ಸಿಗುತ್ತದೆ. ಆದರೆ ಆಳವಾದ ಕಣಿವೆಯಲ್ಲಿ, ದಟ್ಟ ಮರಗಳಡಿ ಸಂದೇಶ ಹೊರಡಲು ತಡವಾಗುವುದುಂಟು, ಬ್ಯಾಟರಿ ಮುಗಿಯುವುದೂ ಉಂಟು. ಒಂದು ದಿನ ಸುದ್ದಿ ಬಾರದಿದ್ದರೆ ಏನಾಯಿತೋ ಎಂದು ಊಟ ಬಿಡಬೇಡಿ. ಎಷ್ಟು ಹೊತ್ತು ಸುದ್ದಿ ಇಲ್ಲದಿದ್ದರೆ ಅಲ್ಲಿರುವ ಯಾವ ಗೆಳತಿ, ಯಾವ ಕಚೇರಿಗೆ ಫೋನ್ ಮಾಡಬೇಕು ಎಂಬುದನ್ನು ತಾಯಿ ಮಗಳು ಇಬ್ಬರೂ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ. ಅವಳು ಪ್ರತಿ ರಾತ್ರಿ ಎಲ್ಲಿ ತಂಗುವ ಅಂದಾಜಿದೆ, ಟೆಂಟಿನ ಬಣ್ಣ ಯಾವುದು, ಮಧ್ಯದಲ್ಲಿ ಎಲ್ಲೆಲ್ಲಿ ಹೊರಬರಲು ದಾರಿಯಿದೆ ಎಂಬ ಒಂದು ಹಾಳೆ ನಿಮ್ಮಲ್ಲೂ ಆ ಗೆಳತಿಯಲ್ಲೂ ಇರಲಿ. ಹುಡುಕುವವರಿಗೆ ಬೇಕಾಗುವುದು ಆ ಹಾಳೆಯೇ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ, ಅಲ್ಲಿಯ ಪೊಟ್ಟಣದ ಊಟ ಒಗ್ಗುವುದಿಲ್ಲ. ಬೇಳೆ, ಅಕ್ಕಿ ಒಯ್ದು ಅಡುಗೆ ಮಾಡಿಕೊಳ್ಳಬಹುದೇ?
— ಓದುಗರೊಬ್ಬರು, ಸ್ಯಾಕ್ರಮೆಂಟೊ

ಬೇಳೆಯನ್ನು ಮರೆತುಬಿಡಿ. ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 3,300 ಮೀಟರಿನಲ್ಲಿ ನೀರು 89 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯತೊಡಗುವುದರಿಂದ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಮುಗಿದೀತೇ ಹೊರತು ಬೇಳೆ ಮೆತ್ತಗಾಗದು. ಆದರೆ ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ತಕ್ಕ ಪದಾರ್ಥಗಳು ಬೇಕಾದಷ್ಟಿವೆ. ತೆಳು ಅವಲಕ್ಕಿಗೆ ತಣ್ಣೀರೇ ಸಾಕು. ಚಟ್ನಿಪುಡಿ, ಒಣಕೊಬ್ಬರಿ, ಹುರಿದ ಶೇಂಗಾ ಬೆರೆಸಿದರೆ ಒಲೆ ಹಚ್ಚದೆ ಊಟವಾಗುತ್ತದೆ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಹಾಲಿನ ಪುಡಿ ಸೇರಿಸಿ ಪೊಟ್ಟಣ ಮಾಡಿಕೊಂಡರೆ ಪಾಸ್ ಏರುವ ಬೆಳಗ್ಗೆ ನೀರಿನಲ್ಲಿ ಕಲಸಿಕೊಂಡು ಹೊರಡಬಹುದು. ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ ಕುದಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷಕ್ಕೆ ಸಿದ್ಧ. ತುಪ್ಪ ಒಯ್ಯಿರಿ, ಅಷ್ಟೇ ತೂಕದಲ್ಲಿ ಅದರಷ್ಟು ಶಕ್ತಿ ಕೊಡುವ ಪದಾರ್ಥ ಬೇರೊಂದು ಸಿಗುವುದು ಕಷ್ಟ.

ತೊಡಕು ಇರುವುದು ಜಾಗದಲ್ಲಿ. ಸಾಮಾನ್ಯವಾಗಿ ಬಳಸುವ ದೊಡ್ಡ ಕರಡಿ ಡಬ್ಬಿಗೂ ಸುಮಾರು 11 ಲೀಟರ್ ಮಾತ್ರ ಹಿಡಿಯುತ್ತದೆ, ಅವಲಕ್ಕಿಯಂಥ ಉಬ್ಬಿದ ಪದಾರ್ಥ ಅದನ್ನು ಬೇಗ ತುಂಬಿಬಿಡುತ್ತದೆ. ಮೊದಲರ್ಧದಲ್ಲಿ ರೆಡ್ಸ್ ಮೆಡೋ, ವರ್ಮಿಲಿಯನ್ ವ್ಯಾಲಿ, ಸರಿಸುಮಾರು ನಡುಮಧ್ಯದ ಮ್ಯೂರ್ ಟ್ರೇಲ್ ರ‍್ಯಾಂಚ್, ಈ ಕಡೆಗಳಿಗೆ ಆಹಾರವನ್ನು ಮೊದಲೇ ಕಳಿಸಿಟ್ಟಿರಬಹುದು. ರ‍್ಯಾಂಚ್ ಬಿಟ್ಟ ಮೇಲೆ ವಿಟ್ನಿ ಪೋರ್ಟಲ್‌ವರೆಗಿನ ಸುಮಾರು 175 ಕಿಲೋಮೀಟರಿನಲ್ಲಿ ದಾರಿಯ ಮೇಲೆ ಏನೂ ಸಿಗುವುದಿಲ್ಲ, ಎತ್ತರದ ಪಾಸ್‌ಗಳೆಲ್ಲ ಇರುವುದೂ ಆ ಭಾಗದಲ್ಲೇ. ಆ ದೂರಕ್ಕೆ ಒಂಬತ್ತು ಹತ್ತು ದಿನದ ಆಹಾರ ಒಂದೇ ಡಬ್ಬಿಯಲ್ಲಿ ಹಿಡಿಯದಿದ್ದರೆ, ಕಿಯರ್ಸಾರ್ಜ್ ಪಾಸ್ ಮೂಲಕ ಪೂರ್ವಕ್ಕೆ ಇಳಿದು ಇಂಡಿಪೆಂಡೆನ್ಸ್ ಊರಿನಲ್ಲಿ ಆಹಾರ ತುಂಬಿಕೊಂಡು ಮರಳುವುದು ಜಾಣತನ. ಒಂದೆರಡು ದಿನ ಹೆಚ್ಚಾಗುತ್ತದೆ, ಆದರೆ ಹೊರೆ ಇಳಿದ ಬೆನ್ನಿನಲ್ಲಿ ಫಾರೆಸ್ಟರ್ ಏರಬಹುದು.

ಪ್ರಶ್ನೆ: ಪರ್ಮಿಟ್ ಪಡೆಯುವುದು ಹೇಗೆ?
— ಓದುಗರೊಬ್ಬರು, ಬೆಂಗಳೂರು

ಯೊಸೆಮಿಟಿಯಿಂದ ಹೊರಡುವವರು ರಿಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ, ಹೊರಡುವ ದಿನಕ್ಕೆ 24 ವಾರ ಮುಂಚೆ ನಡೆಯುವ ಲಾಟರಿಗೆ ಅರ್ಜಿ ಹಾಕಬೇಕು. ಉಳಿದ ಭಾಗವನ್ನು ಹೊರಡಲು ಒಂದು ವಾರವಿರುವಾಗ ಬಿಡುಗಡೆ ಮಾಡುತ್ತಾರೆ. ಒಬ್ಬರಿಗಾಗಿ ಕೇಳುವವರಿಗೆ ಗುಂಪುಗಳಿಗಿಂತ ಅವಕಾಶ ತುಸು ಹೆಚ್ಚು. ಆರಂಭದ ಪರ್ಮಿಟ್ ಒಂದಿದ್ದರೆ ಮುಂದಿನ ಉದ್ಯಾನಗಳಿಗೆ ಬೇರೆ ಪರ್ಮಿಟ್ ಬೇಡ. ಭಾರತದಿಂದ ಬರುವವರಿಗೂ ಇದೇ ಕ್ರಮ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿಗೆ ಮುನ್ನ ಉದ್ಯಾನದ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳಿ.

ಪ್ರಶ್ನೆ: ವಯಸ್ಸು 61. ಬೇಸಿಗೆಗೆ ಮಗನ ಮನೆಗೆ ಹೋಗುತ್ತಿದ್ದೇನೆ. ದಿನವೂ ನಡೆಯುವ ರೂಢಿಯಿದೆ. ಪೂರ್ತಿ ಟ್ರೇಲ್ ನನ್ನಿಂದಾಗದು. ಒಂದು ಪಾಸ್‌ನ ಮೇಲಾದರೂ ನಿಂತು ಬರಬಹುದೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಖಂಡಿತ ಬರಬಹುದು ಮೇಷ್ಟ್ರೇ. ಮೇಲೆ ಹೇಳಿದ ಕಿಯರ್ಸಾರ್ಜ್ ಪಾಸ್ ನಿಮಗೆ ತಕ್ಕದ್ದು. ಇಂಡಿಪೆಂಡೆನ್ಸ್ ಊರಿನಿಂದ ಆನಿಯನ್ ವ್ಯಾಲಿಯವರೆಗೆ ಕಾರು ಹೋಗುತ್ತದೆ. ಅದೇ ಸುಮಾರು 2,800 ಮೀಟರ್ ಎತ್ತರ. ಅಲ್ಲಿಂದ ಕೆರೆಗಳ ಪಕ್ಕದಲ್ಲಿ ಹಾದು ಹೋಗುವ ಸುಮಾರು ಏಳೂವರೆ ಕಿಲೋಮೀಟರಿನ ಒಳ್ಳೆಯ ದಾರಿ 3,580 ಮೀಟರಿನ ಪಾಸ್‌ಗೆ ಏರುತ್ತದೆ. ಮೇಲೆ ನಿಂತರೆ ಪಶ್ಚಿಮಕ್ಕೆ ಜಾನ್ ಮ್ಯೂರ್ ಟ್ರೇಲ್ ಹಾದುಹೋಗುವ ಕಿಂಗ್ಸ್ ಕ್ಯಾನಿಯನ್‌ನ ಶಿಖರಗಳು ಸಾಲಾಗಿ ಕಾಣುತ್ತವೆ.

ಹೊರಡುವ ಮುನ್ನ ಹೃದಯ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸಿಕೊಂಡು, ಎತ್ತರಕ್ಕೆ ಕೊಡುವ ಅಸೆಟಜೋಲಮೈಡ್ ಮಾತ್ರೆ ನಿಮಗೆ ಬೇಕೇ, ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಸಮುದ್ರಮಟ್ಟದ ಮನೆಯಿಂದ ಬಂದ ದಿನವೇ ಹತ್ತಬೇಡಿ. ಆನಿಯನ್ ವ್ಯಾಲಿಯ ಕ್ಯಾಂಪಿನಲ್ಲಿ ಒಂದೆರಡು ರಾತ್ರಿ ಮಲಗಿ. ತಲೆನೋವಿನ ಜೊತೆ ವಾಕರಿಕೆಯೋ ತಲೆಸುತ್ತೋ ಬಂದರೆ ಅಲ್ಲಿಂದ ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಅಥವಾ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಆ ಕ್ಷಣವೇ ಕೆಳಗಿಳಿಯಬೇಕು. ಎತ್ತರದಿಂದ ಮೆದುಳಿಗೆ ತೊಂದರೆಯಾದಾಗ ಮೊದಲು ಕೆಡುವುದು 'ನನಗೇನೂ ಆಗಿಲ್ಲ' ಎಂದು ತೀರ್ಮಾನಿಸುವ ಬುದ್ಧಿಯೇ. ಹಾಗಾಗಿ ಈ ನಡಿಗೆಯ ಪರೀಕ್ಷೆಯನ್ನು ಒಬ್ಬರೇ ಹೋಗುವ ಎಲ್ಲರೂ, ಎಳೆಯರೂ ಸಹ, ಪ್ರತಿ ಪಾಸ್‌ನ ಬುಡದಲ್ಲಿ ಮಾಡಿಕೊಳ್ಳಬೇಕೆಂದು ನನ್ನ ಸಲಹೆ. ನೀವು ಮಾತ್ರ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ಹೋಗಿ ಸಂಜೆಯೊಳಗೆ ಮರಳುವುದಾದರೆ ಪರ್ಮಿಟ್ ಬೇಕಾಗಿಲ್ಲ. ರಾತ್ರಿ ಮೇಲಿನ ಕೆರೆಗಳ ಬಳಿ ತಂಗುವ ಆಸೆಯಿದ್ದರೆ ಅದನ್ನೂ ಕರಡಿ ಡಬ್ಬಿಯನ್ನೂ ಮೊದಲೇ ಹೊಂದಿಸಿಕೊಳ್ಳಿ.